ಎರಡು ಬಾಗಿಲುಗಳ ಬೋಗುಣಿ

ನಾನೊಂದು ತಾಮ್ರದ ಬೋಗುಣಿ. ಒಳಗೆಲ್ಲ ಕಲಾಯಿ, ಮೇಲೊಂದು ಮುಚ್ಚಳ, ಮುಚ್ಚಳದ ನೆತ್ತಿಗೆ ಹಿತ್ತಾಳೆಯ ಹಿಡಿ. ಆರು ಜನ ಹೊಟ್ಟೆ ತುಂಬ ಉಣ್ಣುವಷ್ಟು ಅನ್ನ ನನ್ನಲ್ಲಿ ಹಿಡಿಸುತ್ತದೆ. ನನ್ನ ಬಗ್ಗೆ ನಾನೇ ಹೀಗೆ ಹೇಳಿಕೊಂಡರೆ ಜಂಬ ಅನ್ನಿಸಬಹುದು. ಅನ್ನಿಸಿದರೆ ಅನ್ನಿಸಲಿ. ಈ ವಯಸ್ಸಿನಲ್ಲಿ ನನ್ನನ್ನು ಹೊಗಳುವುದಕ್ಕೆ ಬೇರೆ ಯಾರಿದ್ದಾರೆ?

ನಾನು ಹುಟ್ಟಿದ್ದು ಅಲೆಕ್ಸಾಂಡ್ರಿಯಾದಲ್ಲಿ. ಈಜಿಪ್ಟಿನ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿ ಕೂತಿರುವ ಬಂದರು ಅದು. ಅಲ್ಲಿನ ತಾಮ್ರದ ಬೀದಿಯಲ್ಲಿ ಹಾಗೋಪ್ ಎಂಬ ಅರ್ಮೇನಿಯನ್ ಕಂಚುಗಾರ ನನ್ನನ್ನು ಮೂರು ದಿನ ಬಡಿದು ಮಾಡಿದ. ಬಡಿಯುವಾಗ ಅವನು ಟರ್ಕಿಶ್ ಭಾಷೆಯಲ್ಲಿ ಬೈಯುತ್ತಿದ್ದ, ಗಿರಾಕಿ ಬಂದರೆ ಅರಬ್ಬಿಯಲ್ಲಿ ಉಪಚಾರ ಮಾಡುತ್ತಿದ್ದ, ಚೌಕಾಸಿಗೆ ಇಟಾಲಿಯನ್, ಊಟದ ಮುಂಚಿನ ಪ್ರಾರ್ಥನೆಗೆ ಅರ್ಮೇನಿಯನ್. ಹೀಗಾಗಿ ಮೂರು ದಿನದ ಕೂಸಾಗಿದ್ದಾಗಲೇ ನನಗೆ ನಾಲ್ಕು ಭಾಷೆ ಬರುತ್ತಿದ್ದವು. ಆ ಊರಿನಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಅಲ್ಲಿನ ಬೆಕ್ಕುಗಳಿಗೂ ಅಷ್ಟು ಬರುತ್ತಿತ್ತು.

ನನ್ನನ್ನು ಕೊಂಡವಳು ಕಾರ್ಮೆನಾ. ಅವಳದು ಮಾಲ್ಟಾ ದ್ವೀಪದಿಂದ ಬಂದ ಮನೆತನ, ಅವಳು ಹುಟ್ಟಿ ಬೆಳೆದದ್ದು ಮಾತ್ರ ಇಲ್ಲೇ. ಹಡಗಿನ ಅಧಿಕಾರಿಗಳ ಅಂಗಿಗೆ ಕಾಲರು ಹೊಲಿದು ಬದುಕುತ್ತಿದ್ದ ಒಂಟಿ ಹೆಂಗಸು. ಬಂದರಿನ ಹತ್ತಿರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಅವಳ ಮನೆ. ಆಸೆಪಟ್ಟು ನನ್ನನ್ನು ಕೊಂಡು ತಂದವಳು, ಯಾರಾದರೂ ಊಟಕ್ಕೆ ಬಂದಾಗ ತೆಗೆಯೋಣ ಎಂದು ಕಪಾಟಿನಲ್ಲಿಟ್ಟಳು. ಹನ್ನೊಂದು ವರ್ಷ ಯಾರೂ ಊಟಕ್ಕೆ ಬರಲಿಲ್ಲ. ಆ ಹನ್ನೊಂದು ವರ್ಷ ನಾನು ಕತ್ತಲಲ್ಲಿ ಕೂತು ಅವಳ ಹೊಲಿಗೆ ಯಂತ್ರದ ಸದ್ದು ಕೇಳಿದ್ದೇ ಬಂತು. ಈಗ ನೆನೆಸಿಕೊಂಡರೆ ನನಗಿಂತ ಅವಳ ಮೇಲೇ ಹೆಚ್ಚು ಮರುಕವಾಗುತ್ತದೆ.

ಆ ಮಹಡಿಯಲ್ಲಿ ಮೂರು ಬಾಗಿಲುಗಳಿದ್ದವು. ಕಾರ್ಮೆನಾಳದು ನಡುವಿನದು. ಎಡಗಡೆ ಇವಾಂಥಿಯಾ ಎಂಬ ಗ್ರೀಕ್ ಹೆಂಗಸಿನ ಮನೆ. ಅವಳ ಗಂಡ ಲೆಫ್ತೇರಿಸ್, ಮಗ ಯಾನಿ. ಕಟ್ಟಡದ ಕೆಳಗಿನ ಅಂಗಡಿಯಲ್ಲಿ ನಾಲ್ಕು ಮೇಜು ಹಾಕಿಕೊಂಡು ಗಂಡಹೆಂಡಿರು ಊಟದ ಮನೆ ನಡೆಸುತ್ತಿದ್ದರು. ಬಲಗಡೆ ಬಹೀಗಾ ಎಂಬ ಮುಸ್ಲಿಂ ಹೆಂಗಸು. ಅವಳ ಮಗನ ಹೆಸರು ಸಾಲೆಹ್. ಮಿತ್ವಲ್ಲಿ ಎಂಬ ಅವಳ ಗಂಡ ಕುದುರೆ ಸಾರೋಟು ಹೊಡೆದು ಹಡಗಿನ ಪ್ರಯಾಣಿಕರಿಗೆ ಊರು ತೋರಿಸುತ್ತಿದ್ದ.

ಈ ಇವಾಂಥಿಯಾಗೂ ಬಹೀಗಾಗೂ ಎರಡು ವರ್ಷದಿಂದ ಮಾತಿರಲಿಲ್ಲ. ಜಗಳಕ್ಕೆ ಕಾರಣ ನೀರು. ಮಹಡಿಯ ನೆಲ ಬಲಕ್ಕೆ ಇಳಿಜಾರು. ಇವಾಂಥಿಯಾ ತನ್ನ ಹೊಸ್ತಿಲು ತೊಳೆದರೆ ಆ ಕೊಳೆನೀರು ಸೀದಾ ಹೋಗಿ ಬಹೀಗಾಳ ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ಇಬ್ಬರೂ ಚೊಕ್ಕಟದ ಹೆಂಗಸರು. ಹಾಗಾಗಿ ದಿನವೂ ತೊಳೆಯುವುದು, ದಿನವೂ ಮುಖ ತಿರುಗಿಸುವುದು ನಡೆದಿತ್ತು.

ದೊಡ್ಡ ಯುದ್ಧ ಮುಗಿದ ಮೇಲೆ ಕಾರ್ಮೆನಾ ಮಾರ್ಸೇಲ್ಸ್‌ನಲ್ಲಿದ್ದ ತಂಗಿಯ ಬಳಿಗೆ ಹೊರಟಳು. ಸಾಮಾನು ಕಟ್ಟುವಾಗ ಕಪಾಟಿನಲ್ಲಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ಒಂದು ಸಲವೂ ಬಳಸದ ಪಾತ್ರೆ. ಅವಳು ಸ್ವಲ್ಪ ಹೊತ್ತು ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಮನೆಯಲ್ಲಿ ಉಳಿದಿದ್ದ ಅಕ್ಕಿ, ಈರುಳ್ಳಿ, ಜೀರಿಗೆ, ಒಂದಿಷ್ಟು ಮೀನು ಎಲ್ಲ ಹಾಕಿ ಮೀನಿನ ಅನ್ನ ಮಾಡಿ ನನ್ನಲ್ಲಿ ತುಂಬಿದಳು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ನನ್ನನ್ನು ಇವಾಂಥಿಯಾಳ ಬಾಗಿಲ ಮುಂದಿಟ್ಟು ಪೆಟ್ಟಿಗೆ ಎತ್ತಿಕೊಂಡು ಇಳಿದು ಹೋದಳು. ಚೀಟಿ ಬರೆದಿಡಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ.

ಇವಾಂಥಿಯಾ ಬಾಗಿಲು ತೆಗೆದು ನೋಡಿದಳು. ಮುಚ್ಚಳ ಎತ್ತಿದಳು. ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಜೀರಿಗೆಯ ಘಮ. ಅದು ಗ್ರೀಕರ ಅಡುಗೆಯಲ್ಲ. ನಡುವಿನ ಮನೆಯವಳ ಅಡುಗೆಯ ರುಚಿ ಅವಳಿಗೆ ಗೊತ್ತೇ ಇರಲಿಲ್ಲ, ಅವಳ ನೆನಪೂ ಬರಲಿಲ್ಲ. ಇನ್ನುಳಿದದ್ದು ಬಲಗಡೆಯ ಬಾಗಿಲು ಮಾತ್ರ.

"ಆ ಹೆಂಗಸು ರಾಜಿಗೆ ಬಂದಿದ್ದಾಳೆ ಕಣ್ರೀ," ಎಂದಳು ಗಂಡನಿಗೆ. "ನಾವು ಹೇಗಪ್ಪಾ ಸುಮ್ನೆ ಇರೋದು?"

ಅಲ್ಲಿನವರಲ್ಲಿ ಒಂದು ಕಟ್ಟುಪಾಡಿದೆ. ಗ್ರೀಕರಿರಲಿ, ಅರಬರಿರಲಿ, ಅರ್ಮೇನಿಯನ್ನರಿರಲಿ, ಇನ್ನೊಬ್ಬರ ಮನೆಯಿಂದ ತಿಂಡಿ ತುಂಬಿಕೊಂಡು ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಹಾಗಿಲ್ಲ. ನಿಮ್ಮ ಕಡೆಯೂ ಹಾಗೆಯೇ ಎಂದು ಕೇಳಿದ್ದೇನೆ. ಮೂರನೆಯ ದಿನ ಇವಾಂಥಿಯಾ ನನ್ನನ್ನು ಬೂದಿ ಹಾಕಿ ಬೆಳಗಿ, ಪಾಲಕ್ ಸೊಪ್ಪು ತುಂಬಿದ ಕಡುಬು ಮಾಡಿ ನನ್ನಲ್ಲಿ ಜೋಡಿಸಿ, ಬಹೀಗಾಳ ಬಾಗಿಲ ಮುಂದಿಟ್ಟು, ಎರಡು ಸಲ ತಟ್ಟಿ, ನಾಚಿಕೊಂಡು ಒಳಗೋಡಿ ಬಂದಳು.

ಬಹೀಗಾ ಬಾಗಿಲು ತೆಗೆದಳು. ಗ್ರೀಕರ ಕಡುಬು, ಬೆಲೆಬಾಳುವ ತಾಮ್ರದ ಬೋಗುಣಿ. ಅವಳ ಮುಖ ಅರಳಿತು.

"ನೋಡಿದ್ರಾ, ಆ ಮದಾಮ್ ಎಂಥಾ ಪಾತ್ರೇಲಿ ಕಳ್ಸಿದ್ದಾಳೆ," ಎಂದಳು ಮಿತ್ವಲ್ಲಿಗೆ. "ನಾನು ಏನಾದ್ರೂ ತುಂಬಿಸಿ ವಾಪಸ್ ಕೊಡ್ಬೇಕು."

ನಾನು ನಿನ್ನವನೂ ಅಲ್ಲ ಅವಳವನೂ ಅಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ತಾಮ್ರಕ್ಕೆ ಬಾಯಿ ಎಲ್ಲಿಂದ ಬರಬೇಕು? ಅವಳು ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿ ನನ್ನಲ್ಲಿ ತುಂಬಿ ಎಡಗಡೆಗೆ ಕಳಿಸಿದಳು. ಇವಾಂಥಿಯಾ ಅವಕ್ಕಾದಳು. ಪಾತ್ರೆ ಅವರಿಗೆ ಮುಟ್ಟಿಸಿದೆವಲ್ಲ, ಮತ್ತೆ ತುಂಬಿ ಕಳಿಸಿದ್ದಾರೆ, ಎಂಥ ಕೈಯಪ್ಪಾ ಇವರದು! ಮತ್ತೆ ಬೆಳಗಿದಳು, ಮತ್ತೆ ತುಂಬಿದಳು. ಹೀಗೆ ಶುರುವಾದದ್ದು ಹದಿನೈದು ವರ್ಷ ನಡೆಯಿತು. ಇಬ್ಬರೂ ತಾವು ಇನ್ನೊಬ್ಬರ ಪಾತ್ರೆಯನ್ನು ಹಿಂತಿರುಗಿಸುತ್ತಿದ್ದೇವೆ ಎಂದೇ ತಿಳಿದಿದ್ದರು.

ಅವರು ಮೂರ್ಖರು ಎಂದು ನೀವು ನಗಬೇಡಿ. "ತಗೋ, ನಿನ್ನ ಬೋಗುಣಿ," ಎಂದು ಅವರು ಎಷ್ಟೋ ಸಲ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಆದರೆ ಆ ಊರಿನ ಮರ್ಯಾದೆಯೇ ಹಾಗೆ. ಅಂಗಡಿಯವನಿಗೆ ಬೆಲೆ ಕೇಳಿದರೆ "ನಿಮ್ಮದೇ ಅಂಗಡಿ, ಹಾಗೇ ತಗೊಂಡು ಹೋಗಿ" ಎನ್ನುತ್ತಾನೆ. ಉಂಗುರ ಚೆನ್ನಾಗಿದೆ ಎಂದರೆ ಬೆರಳಿನಿಂದ ತೆಗೆದು "ನಿಮ್ಮದೇ" ಎಂದು ಚಾಚುತ್ತಾರೆ. ಯಾರೂ ತೆಗೆದುಕೊಳ್ಳುವುದಿಲ್ಲ. ಅಂಥ ಊರಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ "ನಿನ್ನದು" ಎಂದರೆ ಅದನ್ನು ನಿಜವೆಂದು ಯಾರು ನಂಬುತ್ತಾರೆ?

ನನ್ನಿಂದಾಗಿ ಅವರಿಗೆ ಮಾತು ಬಂತು. ಮಾತು ಬಂದ ಮೇಲೆ ಇವಾಂಥಿಯಾ ಹೊಸ್ತಿಲು ತೊಳೆಯುವಾಗ ನೀರನ್ನು ತಾನೇ ಬಟ್ಟೆಯಲ್ಲಿ ಹಿಂಡಿ ತೆಗೆಯತೊಡಗಿದಳು. ಚೊಚ್ಚಲ ಮಗನ ಹೆಸರಿನಿಂದ ತಾಯಿಯನ್ನು ಕರೆಯುವುದು ಅಲ್ಲಿನ ರೂಢಿ. ಬಹೀಗಾ ಇವಳನ್ನು ಯಾನಿಯ ತಾಯಿ ಎಂಬ ಅರ್ಥದಲ್ಲಿ ಉಮ್ ಯಾನಿ ಎಂದಳು. ಇವಳು ಅವಳನ್ನು ಉಮ್ ಸಾಲೆಹ್ ಎಂದಳು. ಗಂಡಸರೂ ಜೊತೆಯಾದರು. ಮಿತ್ವಲ್ಲಿ ಬೆಳಗ್ಗೆ ಹಡಗಿನಿಂದ ಇಳಿದವರನ್ನು ಸಾರೋಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ ಮಧ್ಯಾಹ್ನಕ್ಕೆ ಸರಿಯಾಗಿ ಇವಾಂಥಿಯಾಳ ನಾಲ್ಕು ಮೇಜಿಗೆ ತಂದಿಳಿಸುತ್ತಿದ್ದ.

ಅವನು ಊರು ತೋರಿಸುತ್ತಿದ್ದ ಬಗೆಯನ್ನು ಊಟದ ಮನೆಯ ಗೋಡೆಗಳೂ ಬಾಯಿಪಾಠ ಮಾಡಿದ್ದವು. ಊರಿನ ದಿಬ್ಬದ ಮೇಲೆ ರೋಮನ್ನರ ಕಾಲದ ಒಂಟಿ ಕಂಬವಿದೆ. ಇಟಲಿಯವರಿಗೆ ಅದನ್ನು ಕಟ್ಟಿದ್ದು ನಿಮ್ಮ ಅಜ್ಜಂದಿರು ಎನ್ನುತ್ತಿದ್ದ, ಗ್ರೀಕರು ಸಿಕ್ಕರೆ ಅವರ ಅಜ್ಜಂದಿರು. ಇಂಗ್ಲಿಷರು ಸಿಕ್ಕರೆ ಮಾತ್ರ ಈಜಿಪ್ಟಿನವರೇ ಕಟ್ಟಿದ್ದು ಎನ್ನುತ್ತಿದ್ದ. ನೆಲದೊಳಗೆ ಬಂಡೆ ಕೊರೆದು ಮಾಡಿದ ಹಳೆಯ ಸಮಾಧಿಗಳಿವೆ. ಒಂದು ಕತ್ತೆ ಗುಂಡಿಗೆ ಬಿದ್ದದ್ದರಿಂದ ಅವು ಬೆಳಕಿಗೆ ಬಂದವು ಎಂದು ಊರಲ್ಲಿ ಹೇಳುತ್ತಾರೆ. "ಆ ಕತ್ತೆ ನಮ್ಮ ತಾತಂದೇ ಸ್ವಾಮಿ," ಎಂದು ಮಿತ್ವಲ್ಲಿ ಎದೆ ಮುಟ್ಟಿಕೊಳ್ಳುತ್ತಿದ್ದ. ಊಟಕ್ಕೆ ಹುರಿದ ಕೆಂಪು ಮೀನು, ಎಳ್ಳಿನ ಚಟ್ನಿ, ಒಲೆಯಿಂದ ಈಗ ತೆಗೆದ ರೊಟ್ಟಿ, ಜೊತೆಗೆ ಬಹೀಗಾ ಮೇಲಿನಿಂದ ಕಳಿಸಿದ ನಿಂಬೆ ಉಪ್ಪಿನಕಾಯಿ. ನಾಲ್ಕು ಮೇಜಿನಲ್ಲಿ ನಾಲ್ಕು ದೇಶದವರು ಕೂತು ಬೆರಳು ಚೀಪುತ್ತಿದ್ದರು.

ನನ್ನನ್ನು ಮಾತ್ರ ಯಾವ ಗಿರಾಕಿಯ ಮುಂದೂ ಇಡಲಿಲ್ಲ. "ಅದು ಉಮ್ ಸಾಲೆಹ್ ಮನೇದು, ಮುಟ್ಬೇಡಿ," ಎನ್ನುತ್ತಿದ್ದಳು ಇವಾಂಥಿಯಾ. ಆ ಮನೆಯಲ್ಲೂ ಅದೇ ಪಾಠ. ವರ್ಷಕ್ಕೊಮ್ಮೆ ಕಲಾಯಿಯವನು ಬೀದಿಗೆ ಬಂದಾಗ ಪರರ ಪಾತ್ರೆ ಮಾಸಬಾರದೆಂದು ಇವಳೂ ಕಲಾಯಿ ಹಾಕಿಸುತ್ತಿದ್ದಳು, ಅವಳೂ ಹಾಕಿಸುತ್ತಿದ್ದಳು. ಸ್ವಂತದ ಪಾತ್ರೆಗಳೆಲ್ಲ ಮಸಿ ಬಳಿದುಕೊಂಡು ಕೂತಿದ್ದಾಗ ನಾನೊಬ್ಬನೇ ಥಳಥಳಿಸುತ್ತಿದ್ದೆ.

ಒಮ್ಮೆ ಒಂದು ಎಡವಟ್ಟಾಯಿತು. ಗ್ರೀಕರಿಗೆ ಈಸ್ಟರ್ ಹಬ್ಬಕ್ಕೆ ಮುಂಚೆ ದೀರ್ಘ ಉಪವಾಸವಿರುತ್ತದೆ, ಆಗ ಮಾಂಸ ಮುಟ್ಟುವಂತಿಲ್ಲ. ಇದು ತಿಳಿಯದೆ ಬಹೀಗಾ ಆ ಉಪವಾಸದ ಕೊನೆಯ ವಾರದಲ್ಲಿ ನನ್ನ ತುಂಬ ಕುರಿಮಾಂಸದ ಅನ್ನ ಮಾಡಿ ಕಳಿಸಿದಳು. ತಿಂದರೆ ಪಾಪ, ವಾಪಸು ಕಳಿಸಿದರೆ ಅವಮಾನ. ಇವಾಂಥಿಯಾ ದೇವರ ಪಟದ ಮುಂದೆ ನಿಂತು ಕೈ ಹಿಸುಕಿಕೊಂಡಳು. ಕೊನೆಗೆ ಲೆಫ್ತೇರಿಸ್ ಬಂದು, ಹೆಂಡತಿಯ ಮರ್ಯಾದೆ ಉಳಿಸಲು ಪಾಪವನ್ನು ತಾನೊಬ್ಬನೇ ಹೊರುವುದಾಗಿ ಹೇಳಿ, ಎರಡು ದಿನ ಕೂತು ಅಷ್ಟನ್ನೂ ಹೊತ್ತ. ಅವನಷ್ಟು ಸಂತೋಷದಿಂದ ಪಾಪ ಮಾಡಿದ ಮನುಷ್ಯನನ್ನು ನಾನು ನೋಡಿಲ್ಲ. ಸುದ್ದಿ ಹೇಗೋ ಬಲಗಡೆಯ ಬಾಗಿಲಿಗೂ ತಲುಪಿತು. ಅಲ್ಲಿಂದಾಚೆ ಬಹೀಗಾಳ ಅಡುಗೆಮನೆಯಲ್ಲಿ ಗ್ರೀಕ್ ಚರ್ಚಿನ ಕ್ಯಾಲೆಂಡರ್ ತೂಗಿತು. ಇವಾಂಥಿಯಾಳ ಅಡುಗೆಮನೆಯಲ್ಲಿ ರಂಜಾನ್ ವೇಳಾಪಟ್ಟಿ ತೂಗಿತು.

ಈಸ್ಟರಿನ ಮರುದಿನ ಸೋಮವಾರ ಊರಿಗೆ ಊರೇ ವಸಂತದ ಗಾಳಿ ಕುಡಿಯಲು ಹೊರಗೆ ಬರುತ್ತದೆ. ಆ ಹಬ್ಬಕ್ಕೆ ಜಾತಿಮತವಿಲ್ಲ. ಎರಡೂ ಮನೆಯವರು ಸಾರೋಟಿನಲ್ಲಿ ಒತ್ತಿಕೊಂಡು ಕೂತು ಸಮುದ್ರದೊಳಕ್ಕೆ ಚಾಚಿದ ಹಳೆಯ ಕೋಟೆಯ ಹತ್ತಿರದ ಬಂಡೆಗಳಿಗೆ ಹೋಗುತ್ತಿದ್ದರು. ನನ್ನಲ್ಲಿ ಬಣ್ಣದ ಮೊಟ್ಟೆಗಳು, ಬುಟ್ಟಿಯಲ್ಲಿ ಉಪ್ಪುಮೀನು, ಹಸಿ ಈರುಳ್ಳಿ. ನಾನು ಊರು ನೋಡಿದ್ದೆಲ್ಲ ಅಂಥ ಸೋಮವಾರಗಳಲ್ಲಿ. ದಡದ ಉದ್ದಕ್ಕೂ ಸಾಲುಮನೆಗಳು, ನೀಲಿ ಟ್ರಾಮು, ಹುರಿದ ಜೋಳ ಮಾರುವವರ ಹೊಗೆ, ಒಂದೇ ಬಂಡೆಯ ಮೇಲೆ ಐದು ಭಾಷೆಯಲ್ಲಿ ಮಕ್ಕಳನ್ನು ಗದರುವ ತಾಯಂದಿರು. ಆ ದಿನಗಳು ನೆನಪಾದರೆ ಈಗಲೂ ಒಳಗೆ ಏನೋ ಆಗುತ್ತದೆ. ನಾನು ಲೋಹ ನಿಜ, ಆದರೂ ಆಗುತ್ತದೆ.

ನನ್ನ ಗುಟ್ಟು ಒಮ್ಮೆ ಹೊರಬೀಳುವುದರಲ್ಲಿತ್ತು. ಮಿತ್ವಲ್ಲಿ ಕರೆತಂದವರಲ್ಲಿ ಶೀನ ಮೊಗವೀರ ಎಂಬೊಬ್ಬನಿದ್ದ. ನಿಮ್ಮ ಕುಂದಾಪುರದ ಕಡೆಯವನು, ಸರಕಿನ ಹಡಗಿನಲ್ಲಿ ಅಡುಗೆಯವನು. ಅಂದು ಇವಾಂಥಿಯಾ ಬಹೀಗಾಳಿಗೆ ಕಳಿಸಲೆಂದು ಊಟದ ಮನೆಯ ಒಲೆಯ ಪಕ್ಕದಲ್ಲಿಟ್ಟು ನನ್ನನ್ನು ತುಂಬುತ್ತಿದ್ದಳು. ಶೀನ ಉಣ್ಣುವುದು ಬಿಟ್ಟು ನನ್ನ ಹತ್ತಿರ ಬಂದ.

"ಹ್ವಾಯ್, ಎಂಥ ಚಂದ ಇತ್ತ್ ಕಾಣಿ ಈ ಬೋಗುಣಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಹಡಗಿನವರ ಅರೆಬರೆ ಅರಬ್ಬಿಯಲ್ಲಿ, ಇದನ್ನು ಊರಿನಲ್ಲಿರುವ ತಾಯಿಗೆ ಒಯ್ಯಬೇಕು, ಕೇಳಿದಷ್ಟು ಕೊಡುತ್ತೇನೆ ಎಂದ.

"ಇದು ನನ್ನದಲ್ಲಪ್ಪ," ಎಂದಳು ಇವಾಂಥಿಯಾ. ಅಷ್ಟರಲ್ಲಿ ಉಪ್ಪಿನಕಾಯಿ ಹಿಡಿದುಕೊಂಡು ಬಹೀಗಾ ಕೆಳಗಿಳಿದು ಬಂದಳು. "ಇಗೋ, ಪಾತ್ರೆಯವಳೇ ಬಂದ್ಲು. ಉಮ್ ಸಾಲೆಹ್, ಇವನಿಗೆ ನಿನ್ನ ಬೋಗುಣಿ ಬೇಕಂತೆ."

"ನನ್ನದೆಲ್ಲಿಂದ ಬಂತು? ನಿನ್ನದಲ್ವಾ," ಎಂದಳು ಬಹೀಗಾ.

"ಹಾಗನ್ಬೇಡ. ನಿನ್ನದೇ."

"ದೇವರಾಣೆ ನಿನ್ನದು ಉಮ್ ಯಾನಿ. ಕೊಡೋದಾದ್ರೆ ಕೊಡು, ನನ್ನನ್ನು ಯಾಕೆ ಕೇಳ್ತೀಯಾ?"

ನನಗೆ ಒಲೆಯ ಮೇಲಿಲ್ಲದೆಯೂ ಮೈ ಕಾದಿತ್ತು. ಇನ್ನೊಂದು ಮಾತು ಮುಂದೆ ಹೋಗಿದ್ದರೆ ಎಲ್ಲ ಬಯಲಾಗುತ್ತಿತ್ತು. ಬಯಲಾದರೆ ನನ್ನನ್ನು ಯಾರು ಯಾರಿಗೆ ಹಿಂತಿರುಗಿಸಬೇಕು? ಎರಡು ಬಾಗಿಲ ನಡುವಿನ ನಡಿಗೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಇವಾಂಥಿಯಾಳ ಕಣ್ಣು ತುಂಬಿ ಬಂತು. ತನ್ನ ಪಾತ್ರೆಯನ್ನೇ ನಿನ್ನದು ಎನ್ನುವಷ್ಟು ದೊಡ್ಡ ಮನಸ್ಸು ಇವಳದು ಎಂದು ಅವಳು ಅಂದುಕೊಂಡಳು. ಬಹೀಗಾಳೂ ಅದನ್ನೇ ಅಂದುಕೊಂಡಳು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ, ಇದು ಮಾರುವುದಲ್ಲ ಎಂದು ಶೀನನಿಗೆ ಹೇಳಿಬಿಟ್ಟರು.

ಶೀನನಿಗೆ ಬೇಸರವಾಗಲಿಲ್ಲ. ನನ್ನಲ್ಲಿ ತುಂಬಿದ್ದ ತಿಂಡಿಯನ್ನೂ ಹೆಂಗಸರ ಮುಖವನ್ನೂ ನೋಡಿ, "ನಮ್ಮೂರಂಗೂ ಖಾಲಿ ಪಾತ್ರೆ ತಿರ್ಗಿ ಕೊಡುಕಾಗ," ಎಂದು ನಕ್ಕು ತನ್ನ ಮೀನಿಗೆ ಮರಳಿದ. ಮುಂದೆ ನಾಲ್ಕು ವರ್ಷ, ಹಡಗು ಬಂದಾಗಲೆಲ್ಲ ಅವನು ನಮ್ಮಲ್ಲಿ ಊಟಕ್ಕೆ ಬಂದ. ಒಲೆಯ ಬಳಿ ನಿಂತು ಒಬ್ಬನೇ ಮಾತಾಡಿಕೊಳ್ಳುವ ಅಭ್ಯಾಸ ಅವನಿಗಿತ್ತು. ಕೇಳಿ ಕೇಳಿ ನಾನೂ ಕಲಿತೆ. ಇಲ್ಲದಿದ್ದರೆ ಇಷ್ಟೆಲ್ಲ ನಿಮಗೆ ಹೇಗೆ ಹೇಳುತ್ತಿದ್ದೆ?

ಆಮೇಲೆ ಕಾಲ ಬದಲಾಯಿತು. ಯಾರೂ ಯಾರನ್ನೂ ಹೊರಡಿ ಎಂದು ಬಾಗಿಲಿಗೆ ಬಂದು ಹೇಳಲಿಲ್ಲ. ಹೊರದೇಶದ ಮೂಲದವರು ಸುಮ್ಮನೆ ಒಬ್ಬೊಬ್ಬರಾಗಿ ಊರು ಬಿಟ್ಟು ಹೊರಟರು. ಹಾಗೋಪನ ಅಂಗಡಿ ಮುಚ್ಚಿತು. ಎದುರಿನ ಇಟಾಲಿಯನ್ ಕ್ಷೌರಿಕ ಕತ್ತರಿಗಳನ್ನು ಹಂಚಿ ಹೋದ. ಯಾನಿಯ ಗ್ರೀಕ್ ಶಾಲೆಯಲ್ಲಿ ಒಂದು ತರಗತಿಗೆ ಆರು ಮಕ್ಕಳು ಉಳಿದರು. ನಾಲ್ಕು ಮೇಜುಗಳಲ್ಲಿ ಎರಡು ಖಾಲಿ ಇರುತ್ತಿದ್ದವು. ಪಿರೇಯಸ್‌ನಲ್ಲಿ, ಅಂದರೆ ಗ್ರೀಸಿನ ದೊಡ್ಡ ಬಂದರಿನಲ್ಲಿ, ಲೆಫ್ತೇರಿಸನ ಅಣ್ಣನೊಬ್ಬನಿದ್ದ. ಅವನು ಬಾ ಬಾ ಎಂದು ಬರೆಯುತ್ತಿದ್ದ.

ಇವಾಂಥಿಯಾ ವಿಷಯವನ್ನು ಬಹೀಗಾಳಿಗೆ ಹೇಳಲು ಒಂದು ತಿಂಗಳು ತೆಗೆದುಕೊಂಡಳು. ಹೊರಡುವ ಎರಡು ದಿನ ಮುಂಚೆ ನನ್ನ ತುಂಬ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ಮಾಡಿ ತಾನೇ ತಂದು ಬಹೀಗಾಳ ಕೈಯಲ್ಲಿಟ್ಟಳು. ಪಾತ್ರೆ ಮುಟ್ಟಿಸಿದೆ, ಇನ್ನು ನೆಮ್ಮದಿಯಿಂದ ಹೋಗಬಹುದು ಎಂದು ಅವಳ ಲೆಕ್ಕ. ಇಬ್ಬರೂ ಕೂತು ತಿಂದರು. ಅಳಲಿಲ್ಲ. ಯಾನಿಗೆ ಗ್ರೀಸಿನ ಚಳಿಗೆ ಉಣ್ಣೆಯ ಅಂಗಿ ಬೇಕು ಎಂಬಂಥ ಮಾತಾಡಿದರು.

ಹಡಗು ಹೊರಡುವ ಬೆಳಗ್ಗೆ ಬಂದರಿನಲ್ಲಿ ಗದ್ದಲ. ಆ ಗದ್ದಲದಲ್ಲಿ ಮಿತ್ವಲ್ಲಿಯ ಸಾರೋಟು ಬಂದು ನಿಂತಿತು. ಬಹೀಗಾ ನನ್ನನ್ನು ಎದೆಗವಚಿಕೊಂಡು ಇಳಿದಳು. ನನ್ನ ತುಂಬ ಖರ್ಜೂರದ ಬಿಸ್ಕತ್ತು.

"ಉಮ್ ಸಾಲೆಹ್, ಇದೇನು ಮಾಡ್ದೆ?" ಇವಾಂಥಿಯಾ ಗಾಬರಿಯಾದಳು. "ಇದನ್ನು ನಾನು ಹೇಗೆ ವಾಪಸ್ ಕೊಡ್ಲಿ?"

"ವಾಪಸ್ ಯಾಕೆ? ನಿನ್ನದು ನೀನು ತಗೊಂಡು ಹೋಗು."

ಹಡಗು ಕೂಗಿತು. ಲೆಫ್ತೇರಿಸ್ ಹೆಂಡತಿಯ ರಟ್ಟೆ ಹಿಡಿದು ಏಣಿ ಹತ್ತಿಸಿದ. ಬಹೀಗಾ ದಡದಲ್ಲಿ ನಿಂತು ಕೈ ಬೀಸಿದಳು. ಅವಳ ಮನಸ್ಸಿನಲ್ಲಿ ಪರರ ಪಾತ್ರೆ ಪರರಿಗೆ ಸೇರಿತು ಎಂಬ ಸಮಾಧಾನವಿತ್ತು. ಇವಾಂಥಿಯಾಳ ಮನಸ್ಸಿನಲ್ಲಿ ಇದ್ದದ್ದೇ ಬೇರೆ.

ಪಿರೇಯಸ್‌ನಲ್ಲಿ ನಾನು ಇಪ್ಪತ್ತಮೂರು ವರ್ಷ ಕಪಾಟಿನ ಮೇಲೆ ಕೂತೆ. ಇವಾಂಥಿಯಾ ನನ್ನನ್ನು ಬಳಸಲಿಲ್ಲ. ವಾರಕ್ಕೊಮ್ಮೆ ಇಳಿಸಿ ಒರೆಸಿ ಮತ್ತೆ ಏರಿಸುತ್ತಿದ್ದಳು. ಒಮ್ಮೆ ಅವಳ ಸೊಸೆ ಚೆಂದಕ್ಕೆಂದು ನನ್ನಲ್ಲಿ ನಿಂಬೆಹಣ್ಣು ಜೋಡಿಸಿಟ್ಟಾಗ, ಬೇರೆಯವರ ಪಾತ್ರೆಗೆ ಕೈ ಹಚ್ಚಿದೆಯಲ್ಲ ಎಂದು ಒಂದು ದಿನ ಮಾತು ಬಿಟ್ಟಳು. ಕಾಗದ ಬರೆಯೋಣವೆಂದರೆ ಇವಳಿಗೆ ಅರಬ್ಬಿ ಆಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬಹೀಗಾಳಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಮೊದಲ ವರ್ಷ ಇವಾಂಥಿಯಾ ಯಾರ ಯಾರದೋ ಕೈಯಲ್ಲಿ ಎರಡು ಕಾಗದ ಬರೆಸಿದಳು. ಆಮೇಲೆ ಅದೂ ನಿಂತಿತು.

"ಅವಳು ಏನಂದ್ಕೊಂಡಿರ್ತಾಳೋ," ಎನ್ನುತ್ತಿದ್ದಳು. "ಹದಿನೈದು ವರ್ಷ ತಿಂದು ಕೊನೆಗೆ ಪಾತ್ರೆನೇ ಎತ್ಕೊಂಡು ಹೋದ್ಲು ಅಂದ್ಕೊಂಡಿರ್ತಾಳೆ."

ಲೆಫ್ತೇರಿಸ್ ತೀರಿಕೊಂಡ. ಯಾನಿಗೆ ಕೂದಲು ನರೆಯಿತು. ಅವನ ಮಗಳು ಮಿರ್ತೋ ಕಾಲೇಜಿಗೆ ಸೇರಿದ ವರ್ಷ ಪ್ರವಾಸದ ಹಡಗಿನ ಅಗ್ಗದ ಟಿಕೆಟು ಎರಡು ತಂದಳು. ನಾಲ್ಕು ದಿನದ ಯಾತ್ರೆ, ಅದರಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಒಂದು ಹಗಲು. ಬೆಳಗ್ಗೆ ಒಂಬತ್ತಕ್ಕೆ ಇಳಿದರೆ ಸಂಜೆ ಐದಕ್ಕೆ ಹತ್ತಬೇಕು. ಅಜ್ಜಿ ಹೊರಡುವ ಮುನ್ನಾದಿನ ಎಳ್ಳು ಮೆತ್ತಿದ ಬೆಣ್ಣೆ ಬಿಸ್ಕತ್ತು ಸುಟ್ಟು ನನ್ನಲ್ಲಿ ತುಂಬಿದಳು. ಹಡಗಿನಲ್ಲಿ ನನ್ನನ್ನು ಮಡಿಲಿನಿಂದ ಇಳಿಸಲಿಲ್ಲ.

ಬಂದರಿನಲ್ಲಿ ಪ್ರವಾಸಿಗಳಿಗೆ ಬಸ್ಸು ಕಾದಿತ್ತು. ಕಂಬ, ಸಮಾಧಿ, ಕೋಟೆ, ಮೀನಿನ ಊಟ. ಮೊಮ್ಮಗಳ ಒತ್ತಾಯಕ್ಕೆ ಅಜ್ಜಿ ಕಂಬದವರೆಗೆ ಬಂದಳು. ಬಾವುಟ ಹಿಡಿದ ಗೈಡು ಕಂಬದ ಎತ್ತರವನ್ನು ಮೀಟರಿನಲ್ಲಿ ಹೇಳಿದ, ಯಾರ ಅಜ್ಜಂದಿರ ಹೆಸರನ್ನೂ ಹೇಳಲಿಲ್ಲ. "ಇದು ಮೊದಲು ಇದಕ್ಕಿಂತ ಎತ್ತರ ಇತ್ತು," ಎಂದು ಅಜ್ಜಿ ಗೊಣಗಿ ಮೊಮ್ಮಗಳನ್ನು ಎಳೆದುಕೊಂಡು ಟ್ಯಾಕ್ಸಿ ಹತ್ತಿದಳು. ಬೀದಿಗಳು ಅವೇ, ಅಂಗಡಿಗಳ ಹೆಸರು ಬೇರೆ. ಊಟದ ಮನೆಯಿದ್ದ ಜಾಗದಲ್ಲಿ ರೇಡಿಯೋ ರಿಪೇರಿ ಅಂಗಡಿ. ಎರಡನೆಯ ಮಹಡಿಯ ನಡುವಿನ ಬಾಗಿಲಿಗೆ ದಂತವೈದ್ಯರ ಫಲಕ. ಇವಾಂಥಿಯಾ ತನ್ನ ಹಳೆಯ ಬಾಗಿಲನ್ನು ನೋಡಲೇ ಇಲ್ಲ, ಸೀದಾ ಬಲಗಡೆಗೆ ಹೋಗಿ ತಟ್ಟಿದಳು.

ಬಹೀಗಾ ದಪ್ಪಗಾಗಿದ್ದಳು. ಮಂಡಿನೋವಿನಿಂದ ಗೋಡೆ ಹಿಡಿದು ನಿಂತಿದ್ದಳು. ಮೊದಲು ಕಂಡದ್ದು ನಾನು. ಆಮೇಲೆ ನನ್ನನ್ನು ಹಿಡಿದವಳ ಮುಖ.

"ಉಮ್ ಯಾನಿ," ಎಂದಳು. ಇಬ್ಬರೂ ಹೊಸ್ತಿಲಲ್ಲೇ ಅಪ್ಪಿಕೊಂಡಾಗ ನಡುವೆ ಸಿಕ್ಕಿಕೊಂಡ ನನ್ನ ಹಿತ್ತಾಳೆಯ ಹಿಡಿ ಇಬ್ಬರ ಎದೆಗೂ ಒತ್ತಿರಬೇಕು. ಯಾರೂ ದೂರಲಿಲ್ಲ.

ಒಳಗೆ ಕೂತರು. ಮಿತ್ವಲ್ಲಿ ಹೋಗಿ ಒಂಬತ್ತು ವರ್ಷವಾಗಿತ್ತು. ಸಾಲೆಹ್ ರೈಲ್ವೆಯಲ್ಲಿದ್ದ. ಚಹಾ ಬಂತು. ಇವಾಂಥಿಯಾ ನನ್ನನ್ನು ಬಹೀಗಾಳ ಮುಂದಕ್ಕೆ ಸರಿಸಿದಳು.

"ತಡ ಆಯ್ತು, ಕ್ಷಮಿಸು. ನಿನ್ನ ಬೋಗುಣಿ."

"ನನ್ನದಾ? ನಿನ್ನದನ್ನು ಬಂದರಿನಲ್ಲಿ ನಿನಗೇ ಕೊಟ್ನಲ್ಲ."

"ಇನ್ನೂ ಉಪಚಾರ ಬೇಡ ಕಣೇ. ಇಪ್ಪತ್ತಮೂರು ವರ್ಷ ಇದನ್ನು ನೋಡಿ ನೋಡಿ ಬೆಂದಿದ್ದೀನಿ."

ಮಿರ್ತೋಗೆ ಅರಬ್ಬಿ ಬಾರದು. ಏನಂತೆ ಎಂದು ಕೇಳಿದಳು. ಅಜ್ಜಿ ಗ್ರೀಕಿನಲ್ಲಿ ಹೇಳಿದಳು. ಆ ಹುಡುಗಿ ಬೆಳೆದದ್ದು ಬೇರೆ ಊರಿನಲ್ಲಿ. ಈ ಮರ್ಯಾದೆಗಳ ಗಾಳಿ ಸೋಕದವಳು. "ಸರಿ, ಹಾಗಾದರೆ ಇದು ನಿಜವಾಗಿ ಯಾರದು?" ಎಂದು ನೇರವಾಗಿ ಕೇಳಿಬಿಟ್ಟಳು.

ಮೂವತ್ತೆಂಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಅಜ್ಜಿ ಅದನ್ನು ಅರಬ್ಬಿಯಲ್ಲಿ ಹೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಮೊದಲು ಮೀನಿನ ಅನ್ನ ಕಳ್ಸಿದ್ದು ನೀನು," ಎಂದಳು ಇವಾಂಥಿಯಾ ನಿಧಾನವಾಗಿ.

"ಮೀನಿನ ಅನ್ನವಾ? ಆಗ ನಿನ್ನ ಜೊತೆ ಮಾತೇ ಇರ್ಲಿಲ್ಲ, ನಾನ್ಯಾಕೆ ಕಳಿಸ್ಲಿ? ಮೊದಲು ಬಂದದ್ದು ನಿನ್ನ ಪಾಲಕ್ ಕಡುಬು."

ಗೋಡೆಯಾಚೆ ದಂತವೈದ್ಯರ ಯಂತ್ರ ಗುಂಯ್‌ಗುಡುತ್ತಿತ್ತು. ಆ ಗೋಡೆಯ ಕಡೆಗೆ ಮೊದಲು ನೋಡಿದವಳು ಬಹೀಗಾ.

"ಕಾಲರು ಹೊಲೀತಿದ್ದವಳು," ಎಂದಳು. "ನಿನ್ನ ಕಡುಬು ಬರೋ ಎರಡು ದಿನ ಮುಂಚೆ ಬೆಳಗ್ಗೆನೇ ಅವಳು ಹೋಗಿದ್ದು. ನಾನು ಕಳಿಸ್ಕೊಡೋಕೂ ಹೊರಗೆ ಬರ್ಲಿಲ್ಲ."

"ನಾನೂ ಬರ್ಲಿಲ್ಲ," ಎಂದಳು ಇವಾಂಥಿಯಾ. "ಪಕ್ಕದಲ್ಲೇ ಇದ್ದು ಒಂದು ದಿನ ಊಟಕ್ಕೆ ಕರೀಲಿಲ್ಲ."

ಆಗ ಇಬ್ಬರೂ ಅತ್ತರು. ತಮ್ಮ ಅಗಲಿಕೆಗೆ ಬಂದರಿನಲ್ಲೂ ಅಳದವರು ಕಾರ್ಮೆನಾಳಿಗಾಗಿ ಅತ್ತರು. ನನಗೆ ಆ ಹೊತ್ತಿಗೆ ಎಷ್ಟು ಹಗುರಾಯಿತೆಂದರೆ ಹೇಳತೀರದು. ಆದರೆ ಬೆನ್ನಿಗೇ ಹೆದರಿಕೆ ಹತ್ತಿತು. ನಾನು ಯಾರದ್ದೂ ಅಲ್ಲ ಎಂದು ಈಗ ಇಬ್ಬರಿಗೂ ಗೊತ್ತಾಯಿತು. ಇನ್ನು ನನ್ನನ್ನು ಯಾರೂ ಯಾರಿಗೂ ಹಿಂತಿರುಗಿಸಬೇಕಾಗಿಲ್ಲ. ಇಬ್ಬರಿಗೂ ವಯಸ್ಸಾಗಿದೆ, ನಡುವೆ ಸಮುದ್ರವಿದೆ. ಬೇರೆ ಯಾವ ನೆಪವಿದೆ?

"ನಿನ್ನದಲ್ಲ ಅಂತ ಗೊತ್ತಿದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲವೇನೋ," ಎಂದಳು ಇವಾಂಥಿಯಾ ಕಣ್ಣೊರೆಸಿಕೊಂಡು.

ನಾಲ್ಕೂವರೆಯಾಯಿತು. ಮಿರ್ತೋ ಗಡಿಯಾರ ತೋರಿಸಿದಳು. ಇವಾಂಥಿಯಾ ಎದ್ದಳು, ನನ್ನನ್ನು ಮೇಜಿನ ಮೇಲೇ ಬಿಟ್ಟು ಬಾಗಿಲ ಕಡೆ ನಡೆದಳು. ಬಹೀಗಾ "ನಿಲ್ಲು" ಎಂದಳು. ನನ್ನನ್ನೆತ್ತಿಕೊಂಡು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ನೆಂಟರು ಬರುತ್ತಾರೆಂದು ಗೊತ್ತಿರಲಿಲ್ಲ, ಮನೆಯಲ್ಲಿ ಏನೂ ಮಾಡಿರಲಿಲ್ಲ. ನನ್ನಲ್ಲಿದ್ದ ಬಿಸ್ಕತ್ತುಗಳನ್ನು ತಟ್ಟೆಗೆ ಸುರಿದು, ಡಬ್ಬಿಯಲ್ಲಿದ್ದ ಹಸಿ ಕಡಲೆಕಾಯಿ, ಎರಡು ಮುಷ್ಟಿ ಒಣ ಅಂಜೂರ, ಕೊನೆಗೆ ಬುಟ್ಟಿಯಲ್ಲಿದ್ದ ನಾಲ್ಕು ಈರುಳ್ಳಿಯನ್ನೂ ಹಾಕಿ ಮುಚ್ಚಳ ಮುಚ್ಚಿದಳು. ತಂದು ಇವಾಂಥಿಯಾಳ ಕೈಗಿಟ್ಟಳು.

"ಕೇಳು. ಇವತ್ತಿಂದ ಇದು ನನ್ನದು. ಈ ಹುಡುಗಿ ಸಾಕ್ಷಿ. ನನ್ನ ಪಾತ್ರೆ ನನಗೆ ವಾಪಸ್ ಬರ್ಬೇಕು."

ಇವಾಂಥಿಯಾ ಮರುವರ್ಷ ಬಂದಳು, ಅದರ ಮರುವರ್ಷವೂ ಬಂದಳು. ಮೂರನೆಯ ವರ್ಷ ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಮಗ ಸೊಸೆ ಎಲ್ಲ ಇದ್ದರು. ಅವಳು ಮೊಮ್ಮಗಳನ್ನು ಹತ್ತಿರ ಕರೆದು ಕೇಳಿದ್ದು ಒಂದೇ. ಉಮ್ ಸಾಲೆಹ್ ಪಾತ್ರೆ ಎಲ್ಲಿ ಎಂದು. ಮನೆಯಲ್ಲಿದೆ ಅಜ್ಜಿ ಎಂದಳು ಮಿರ್ತೋ. "ಖಾಲಿ ಕೊಡ್ಬೇಡ," ಎಂದಳು ಅಜ್ಜಿ.

ವಸಂತದಲ್ಲಿ ಮಿರ್ತೋ ಒಬ್ಬಳೇ ಹೊರಟಳು. ತಾನೇ ಸುಟ್ಟ ಬಿಸ್ಕತ್ತು ತುಂಬಿದ್ದಳು. ಅವು ಅಡಿಯಲ್ಲಿ ಸೀದಿದ್ದವು. ಬಲಗಡೆಯ ಬಾಗಿಲು ತೆರೆಯಿತು. ಬಹೀಗಾ ಹುಡುಗಿಯನ್ನು ನೋಡಿದಳು, ಅವಳ ಬೆನ್ನ ಹಿಂದೆ ಮೆಟ್ಟಿಲ ಕಡೆ ನೋಡಿದಳು, ಅಲ್ಲಿ ಯಾರೂ ಹತ್ತಿ ಬರುತ್ತಿರಲಿಲ್ಲ. ಎರಡೂ ಕೈಯಲ್ಲಿ ನನ್ನನ್ನು ಇಸಿದುಕೊಂಡು, ಹುಡುಗಿಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

ಆಮೇಲೆ ಅಡುಗೆಮನೆಗೆ ಹೋದಳು. ಅಂದು ಅವಳು ಹೊರಗೆ ಬರಲು ತುಂಬ ಹೊತ್ತಾಯಿತು. ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಕಣ್ಣೊರೆಸಿಕೊಳ್ಳುತ್ತ, ಅಕ್ಕಿ ತೊಳೆದಳು. ಬಿಸಿಬಿಸಿ ತುಂಬಿಕೊಂಡು ನಾನು ಹೊರಬಂದಾಗ ಮಿರ್ತೋ, ತಾನು ಕಲಿತುಕೊಂಡು ಬಂದಿದ್ದ ಒಂದೇ ಒಂದು ಅರಬ್ಬಿ ವಾಕ್ಯವನ್ನು ತಡವರಿಸುತ್ತ ಹೇಳಿದಳು.

"ನಿಮ್ಮ ಪಾತ್ರೆ, ಮುಂದಿನ ವರ್ಷ ತಂದುಕೊಡ್ತೀನಿ."

"ಹೂಂ, ನನ್ನದೇ," ಎಂದಳು ಬಹೀಗಾ. "ಮರೀಬೇಡ."